ಅಡಿಕೆಯ ಸೀಮೆಯಲ್ಲಿ ರಸಾಯನಶಾಸ್ತ್ರದ ಬೋಧನೆಯೂ ಸಂಶೋಧನೆಯೂ

ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕನೊಬ್ಬನ ವೃತ್ತಿಜೀವನವನ್ನು ಬರೆದಿಡುವಾಗ ಅದನ್ನು ಎರಡು ಪಟ್ಟಿಗಳಾಗಿ ವಿಂಗಡಿಸುವುದು ರೂಢಿಯಾಗಿದೆ. ಅವನು ಪಾಠ ಹೇಳಿದ ತರಗತಿಗಳು, ಕಲಿಸಿದ ವರ್ಷಗಳು, ಬರೆದ ಪಠ್ಯಪುಸ್ತಕಗಳು ಒಂದು ಪಟ್ಟಿಯಲ್ಲಿ; ಪ್ರಕಟಿಸಿದ ಪ್ರಬಂಧಗಳು, ಮಾರ್ಗದರ್ಶನ ಪಡೆದು ಡಾಕ್ಟರೇಟ್ ಗಳಿಸಿದವರ ಸಂಖ್ಯೆ, ಪಡೆದ ಪ್ರಶಸ್ತಿಗಳು ಇನ್ನೊಂದರಲ್ಲಿ. ಎರಡು ಪಟ್ಟಿಗಳೂ ಒಬ್ಬನೇ ಮನುಷ್ಯನವೆಂಬುದು ಕೆಲವೊಮ್ಮೆ ಮೇಲೆ ಬರೆದಿರುವ ಹೆಸರಿನಿಂದ ಮಾತ್ರ ತಿಳಿಯುತ್ತದೆ. ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಈ ಬಿರುಕು ಇನ್ನೂ ಅಗಲವಾದುದು. ಅಲ್ಲಿನ ಅಧ್ಯಾಪಕನಿಗೆ ಮೊದಲನೆಯ ಪಟ್ಟಿ ತುಂಬಿ ತುಳುಕುತ್ತದೆ. ಎರಡನೆಯದು ಖಾಲಿ ಉಳಿಯುತ್ತದೆ. ಸಂಶೋಧನೆಯೆಂಬುದು ಬೆಂಗಳೂರಿನಲ್ಲಿಯೋ ವಿದೇಶದಲ್ಲಿಯೋ ನಡೆಯುವ ಕಾರ್ಯವೆಂದೂ, ತನ್ನ ಪಾಲಿಗೆ ಬಂದಿರುವುದು ಅನ್ಯರ ಫಲಿತಾಂಶಗಳನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ಮಾತ್ರವೆಂದೂ ಅವನು ನಂಬಿಬಿಡುತ್ತಾನೆ. ಪುತ್ತೂರು, ಸುಳ್ಯ, ಕಡಬಗಳ ಸೀಮೆಯಲ್ಲಾದರೂ ಹೀಗೆ ನಂಬುವುದಕ್ಕೆ ಕಾರಣವಿಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಈ ಸೀಮೆಗೆ ಕಾಲೇಜು ವಿದ್ಯಾಭ್ಯಾಸ ಬಂದುದು ತಡವಾಗಿ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸು ರಾಜ್ಯಕ್ಕೆ ಸೇರಿತ್ತು; ವಿಜ್ಞಾನ ಕಲಿಯಬೇಕೆಂಬ ಹುಡುಗನು ಮಂಗಳೂರಿಗೆ ಹೋಗಬೇಕಾಗಿತ್ತು. ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು 1958ರಲ್ಲಿಯೂ ವಿವೇಕಾನಂದ ಕಾಲೇಜು 1965ರಲ್ಲಿಯೂ ಆರಂಭವಾದವು. ಸುಳ್ಯದ ನೆಹರೂ ಮೆಮೋರಿಯಲ್ ಕಾಲೇಜು 1976ರದು. ಕೊಣಾಜೆಯ ಗುಡ್ಡದ ಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದುದು 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಈಚೆಗೆ ಪುತ್ತೂರು ಸುಳ್ಯಗಳಿಂದ ಗ್ರಾಮಗಳನ್ನು ಬೇರ್ಪಡಿಸಿ ಕಡಬವನ್ನು ತಾಲ್ಲೂಕು ಮಾಡಲಾಗಿದೆ. ಈ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಬಹುಮಂದಿ ಅಡಿಕೆ, ಗೇರು, ರಬ್ಬರು, ಕೊಕ್ಕೊ ಬೆಳೆಯುವ ಮನೆಗಳಿಂದ ಅಥವಾ ಆ ತೋಟಗಳಲ್ಲಿ ದುಡಿಯುವ ಮನೆಗಳಿಂದ ಬಂದವರು. ಅವರ ಕಾಲೇಜು ಶುಲ್ಕವೂ ಒಂದರ್ಥದಲ್ಲಿ ಅಡಿಕೆಯ ರೂಪಾಂತರವೇ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಒಂದು ತೊಡಕು ಹುಟ್ಟುತ್ತದೆ.

ಮೊದಲು ಬೋರ್ಡೋ ದ್ರಾವಣದ ವಿಷಯ. ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗ ಅಥವಾ ಮಹಾಳಿಯನ್ನು ಅರಿಯದ ಮನೆ ಈ ಸೀಮೆಯಲ್ಲಿಲ್ಲ. ಎಳೆಯ ಕಾಯಿಗಳು ಬಣ್ಣಗೆಟ್ಟು ಉದುರುತ್ತವೆ. ಅವುಗಳ ಮೇಲೆ ಬಿಳಿಯ ಬೂಷ್ಟು ಕಟ್ಟುತ್ತದೆ. ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಇದರ ಬೀಜಾಣುಗಳು ನೀರಿನ ತೆಳುಪೊರೆಯಲ್ಲಿ ಈಜಿಕೊಂಡು ಹೋಗಬಲ್ಲವಾದುದರಿಂದ ಬಿಡದೆ ಸುರಿಯುವ ಮಳೆಯೇ ಇವುಗಳಿಗೆ ವಾಹನ. ಹಳೆಯ ಕಾಲದಲ್ಲಿ ಮಲೆನಾಡಿನ ರೈತರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ನರು ಈ ರೋಗವನ್ನು ಅಭ್ಯಸಿಸಿ, 1910ರಲ್ಲಿ ಪ್ರಕಟವಾದ ತಮ್ಮ ವರದಿಯಲ್ಲಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ವಿವರಿಸಿದರು. ಅಂದಿನಿಂದ ಇಂದಿನವರೆಗೆ ನಮ್ಮ ತೋಟಗಳ ಮುಖ್ಯ ರಕ್ಷಣೆ ಅದೇ. ಇಲ್ಲಿಯ ಮಾತಿನಲ್ಲಿ ಅದು 'ಮದ್ದು ಬಿಡುವುದು'.

ಈ ದ್ರಾವಣದ ಚರಿತ್ರೆಯಲ್ಲಿ ಒಬ್ಬ ರಸಾಯನಶಾಸ್ತ್ರ ಪ್ರಾಧ್ಯಾಪಕನಿದ್ದಾನೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. 1882ರಲ್ಲಿ ಫ್ರಾನ್ಸಿನ ಬೋರ್ಡೋ ಪ್ರಾಂತದ ದಾರಿಬದಿಯ ದ್ರಾಕ್ಷಿಬಳ್ಳಿಗಳಿಗೆ ಕಳ್ಳರು ಕೈಹಾಕದಿರಲೆಂದು ಮೈಲುತುತ್ತು ಸುಣ್ಣಗಳನ್ನು ಎರಚಿದ್ದರು; ಆ ಬಳ್ಳಿಗಳಿಗೆ ರೋಗ ತಗಲದಿದ್ದುದನ್ನು ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ದೆ ಗಮನಿಸಿದನು. ಈ ಕಥೆ ಪ್ರಸಿದ್ಧವಾದುದು. ಆದರೆ ಮಿಲಾರ್ದೆಯ ಜೊತೆಗೆ ನಿಂತು ಕೆಲಸ ಮಾಡಿದವನು ಅದೇ ಊರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಯೂಲಿಸ್ ಗೇಯೋನ್, ಲೂಯಿ ಪಾಸ್ತರನ ಶಿಷ್ಯ. 1885ರಲ್ಲಿ, ಎಂದರೆ ಮಿಶ್ರಣದ ಗುಣ ಲೋಕಕ್ಕೆ ತಿಳಿದ ವರ್ಷದಲ್ಲಿಯೇ, ಇವರಿಬ್ಬರೂ ಸೇರಿ ಇನ್ನೊಂದು ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಎರಚಿದ ತಾಮ್ರ ಎಲ್ಲಿಗೆ ಹೋಗುತ್ತದೆ? ಎಲೆಯಲ್ಲಿ ಎಷ್ಟು, ಹಣ್ಣಿನಲ್ಲಿ ಎಷ್ಟು, ಕುಡಿಯುವ ಮದ್ಯದಲ್ಲಿ ಎಷ್ಟು? ರಸದಲ್ಲಿರುವ ತಾಮ್ರದ ಬಹುಭಾಗವು ಹುದುಗುವಾಗ ತಳಕ್ಕಿಳಿದುಹೋಗಿ ಮದ್ಯದಲ್ಲಿ ಲೇಶಮಾತ್ರ ಉಳಿಯುತ್ತದೆಂದು ಅವರ ವಿಶ್ಲೇಷಣೆಯಿಂದ ತಿಳಿಯಿತು. ಮದ್ದು ಗುಣಕಾರಿಯೇ ಎಂದು ಕೇಳುವುದು ಸಸ್ಯಶಾಸ್ತ್ರಜ್ಞನ ಕೆಲಸವಾದರೆ, ಮದ್ದು ಎಲ್ಲಿ ಹೋಗಿ ನಿಲ್ಲುತ್ತದೆಂದು ಕೇಳುವುದು ರಸಾಯನಶಾಸ್ತ್ರಜ್ಞನ ಕೆಲಸ.

ಪಾಠದ ಕೋಣೆಗೆ ಈ ದ್ರಾವಣ ಎಷ್ಟು ವಸ್ತುವನ್ನು ಒದಗಿಸುತ್ತದೆಂಬುದನ್ನು ನೋಡಬೇಕು. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋಗ್ರಾಂ ಮೈಲುತುತ್ತನ್ನು 50 ಲೀಟರು ನೀರಿನಲ್ಲಿಯೂ ಒಂದು ಕಿಲೋಗ್ರಾಂ ಸುಣ್ಣವನ್ನು ಇನ್ನೊಂದು 50 ಲೀಟರು ನೀರಿನಲ್ಲಿಯೂ ಕರಗಿಸಿ, ಮೈಲುತುತ್ತಿನ ದ್ರಾವಣವನ್ನು ಸುಣ್ಣದ ನೀರಿಗೆ ಕದಡುತ್ತ ಸುರಿಯಬೇಕು. ಸುಣ್ಣವನ್ನು ಮೈಲುತುತ್ತಿಗೆ ಸುರಿಯಕೂಡದೆಂದು ಮನೆಯ ಹಿರಿಯರು ಹೇಳುತ್ತಾರೆ, ಏಕೆಂದು ಹೇಳುವುದಿಲ್ಲ. ತಾಮ್ರವು ಸುಣ್ಣಕ್ಕೆ ಬೀಳುವಾಗ ಕೊನೆಯವರೆಗೂ ಮಿಶ್ರಣವು ಕ್ಷಾರೀಯವಾಗಿಯೇ ಇದ್ದು ನಯವಾದ, ತೇಲುವ ಒತ್ತರ ಹುಟ್ಟುತ್ತದೆ. ಕ್ರಮ ತಲೆಕೆಳಗಾದರೆ ದಪ್ಪ ಕಣಗಳಾಗಿ ಬೇಗನೆ ತಳಕ್ಕಿಳಿಯುತ್ತದೆ. ಸಿದ್ಧವಾದ ಮದ್ದನ್ನು ಅದೇ ದಿನ ಬಿಡಬೇಕೆಂಬ ನಿಯಮಕ್ಕೂ ಇದೇ ಕಾರಣ: ನಿಂತ ದ್ರಾವಣದಲ್ಲಿ ಕಣಗಳು ಬೆಳೆದು ಹರಳುಗಟ್ಟಿ ಕಾಯಿಗೆ ಅಂಟುವ ಗುಣವನ್ನು ಕಳೆದುಕೊಳ್ಳುತ್ತವೆ. ಕೊನೆಗೆ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಬಂದರೆ ಇನ್ನಷ್ಟು ಸುಣ್ಣ ಬೇಕು. ಕಬ್ಬಿಣವು ತಾಮ್ರದ ಅಯಾನನ್ನು ಪಲ್ಲಟಗೊಳಿಸುವ ಪ್ರಯೋಗವನ್ನು ಪ್ರಯೋಗಶಾಲೆಯಲ್ಲಿ ಮೊಳೆ ಅದ್ದಿ ತೋರಿಸುವ ನಾವು, ಅದನ್ನೇ ವಿದ್ಯಾರ್ಥಿಯ ತಂದೆ ಪ್ರತಿ ವರ್ಷ ಅಂಗಳದಲ್ಲಿ ಮಾಡುತ್ತಾನೆಂದು ನೆನಪಿಸುವುದು ಅಪರೂಪ.

ಲೆಕ್ಕಕ್ಕೆ ಬಂದರೆ ಇನ್ನೂ ಸ್ವಾರಸ್ಯವಿದೆ. ಹರಳು ಮೈಲುತುತ್ತಿನ ಅಣುತೂಕ ಸುಮಾರು 249.7, ತಾಮ್ರದ ಪರಮಾಣುತೂಕ 63.5, ಆದಕಾರಣ ಒಂದು ಕಿಲೋಗ್ರಾಮಿನಲ್ಲಿ ಸುಮಾರು 255 ಗ್ರಾಂ ತಾಮ್ರವಿದೆ. ಅದನ್ನೆಲ್ಲ ಹೈಡ್ರಾಕ್ಸೈಡಾಗಿ ಒತ್ತರಿಸುವುದಕ್ಕೆ ಶುದ್ಧ ಅರಳಿದ ಸುಣ್ಣ ಸುಮಾರು 300 ಗ್ರಾಂ ಇದ್ದರೆ ಸಾಕು. ರೈತನು ಹಾಕುವುದು ಅದರ ಮೂರು ಪಾಲಿಗಿಂತಲೂ ಹೆಚ್ಚು. ಈ ಹೆಚ್ಚುವರಿ ವ್ಯರ್ಥವೆ? ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೌದೆನ್ನುತ್ತಾರೆ. ಹೆಚ್ಚುವರಿ ಸುಣ್ಣವು ಕರಗಿದ ತಾಮ್ರವು ಎಳೆಯ ಕಾಯನ್ನು ಸುಡದಂತೆ ಕಾಯುತ್ತದೆ. ಗಾಳಿಯ ಇಂಗಾಲಾಮ್ಲದೊಡನೆ ನಿಧಾನವಾಗಿ ಕೂಡುತ್ತ, ತಾಮ್ರವು ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗಲು ಅವಕಾಶ ಮಾಡುತ್ತದೆ. ಹೀಗೆ ಹನಿಹನಿಯಾಗಿ ಬಿಡುಗಡೆಯಾದ ತಾಮ್ರವೇ ಬೀಜಾಣುವನ್ನು ಕೊಲ್ಲುವುದು. ಇನ್ನು ಅನುಮಾಪನ. ಚೆನ್ನಾಗಿ ಕದಡಿದ ಶೇಕಡಾ ಒಂದರ ಬೋರ್ಡೋ ದ್ರಾವಣ 25 ಮಿಲಿಲೀಟರನ್ನು ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಪೊಟ್ಯಾಸಿಯಂ ಅಯೊಡೈಡ್ ಬೆರಸಿ, ದಶಾಂಶ ಪ್ರಮಾಣದ ಥಯೋಸಲ್ಫೇಟಿನಿಂದ ಅಳೆದರೆ ಬ್ಯೂರೆಟ್ಟಿನಲ್ಲಿ ಇಳಿಯಬೇಕಾದುದು ಸರಿಯಾಗಿ 10 ಮಿಲಿಲೀಟರು. ಪರೀಕ್ಷೆಗೆಂದು ಕೊಡುವ ಅನಾಮಧೇಯ ದ್ರಾವಣಕ್ಕಿಂತ ಇದು ಎಷ್ಟೋ ಮೇಲು. ಹತ್ತಕ್ಕೆ ಬದಲು ಎಂಟು ಬಂದರೆ, ಹುಡುಗನು ತಪ್ಪಿದನೋ, ಅಂಗಡಿಯ ಮೈಲುತುತ್ತು ಕಲಬೆರಕೆಯದೋ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ಎದ್ದ ಗಳಿಗೆಯಲ್ಲಿ ಬೋಧನೆಯು ಸಂಶೋಧನೆಯ ಹೊಸ್ತಿಲಲ್ಲಿರುತ್ತದೆ.

ಇಲ್ಲಿ ಭಾಷೆಯ ವಿಷಯವಾಗಿ ಒಂದು ಮಾತನ್ನು ಹೇಳಬೇಕೆನಿಸುತ್ತದೆ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಕಲಿತು ಬಂದ ವಿದ್ಯಾರ್ಥಿಗೆ ಒತ್ತರವೆಂಬ ಪದವೂ ಅದರ ಇಂಗ್ಲಿಷ್ ರೂಪವೂ ಸಮಾನವಾಗಿ ಅಪರಿಚಿತ. ಆದರೆ ಸುಣ್ಣದ ನೀರಿನ 'ತಿಳಿ' ಯಾವುದು, 'ಗಸಿ' ಯಾವುದು ಎಂಬುದು ಅವನಿಗೆ ಹುಟ್ಟಿದಾಗಿನಿಂದ ಗೊತ್ತು. (ಗಸಿ ಎಂದೊಡನೆ ನಮ್ಮ ಜಿಲ್ಲೆಯ ಹುಡುಗರಿಗೆ ಕೋಳಿಯ ನೆನಪಾಗುವುದು ಬೇರೆ ಮಾತು.) ಪುತ್ತೂರಿನಲ್ಲಿ ನೆಲಸಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ರಚಿಸಿದ ಶಿವರಾಮ ಕಾರಂತರು ವಿಜ್ಞಾನದ ಅಧ್ಯಾಪಕರಾಗಿರಲಿಲ್ಲ. ಅಧ್ಯಾಪಕರಾದ ನಾವು ಅದೇ ಊರಿನಲ್ಲಿದ್ದು ಬೋರ್ಡೋ ದ್ರಾವಣದ ಬಗೆಗೆ ಕನ್ನಡದಲ್ಲಿ ಹತ್ತು ಪುಟ ಬರೆಯಲಾರೆವಾದರೆ ಪಾರಿಭಾಷಿಕ ಪದಗಳ ಕೊರತೆಯನ್ನು ದೂರುವುದು ಸರಿಯಲ್ಲ.

ಇನ್ನು ಗೇಯೋನನ ಪ್ರಶ್ನೆಯನ್ನು ನಮ್ಮ ತೋಟಕ್ಕೆ ಹಾಕೋಣ. ಜೂನ್ ತಿಂಗಳ ಸುಮಾರಿಗೆ ಮೊದಲ ಸಲ, ನಲವತ್ತು ನಲವತ್ತೈದು ದಿನಗಳ ಮೇಲೆ ಎರಡನೆಯ ಸಲ, ಮಳೆ ಬಿಡದಿದ್ದರೆ ಮೂರನೆಯ ಸಲ ಮದ್ದು ಬಿಡುತ್ತಾರೆ. ಎಕರೆಗೆ ಪ್ರತಿ ಸಲ 500 ಲೀಟರು ಎಂದು ಲೆಕ್ಕಕ್ಕಾಗಿ ಭಾವಿಸಿದರೆ ಒಂದು ಸಲಕ್ಕೆ ಸುಮಾರು 1.27 ಕಿಲೋಗ್ರಾಂ ತಾಮ್ರ. ಮೂರು ಸಲಕ್ಕೆ 3.8, ಮೂವತ್ತು ವರ್ಷಕ್ಕೆ ಸುಮಾರು 115 ಕಿಲೋಗ್ರಾಂ. ತಾಮ್ರವು ಮೂಲವಸ್ತು. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಬೇರೊಂದಾಗಿ ಮಾರ್ಪಡುವುದಿಲ್ಲ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು ಒಂಬತ್ತು ಲಕ್ಷ ಕಿಲೋಗ್ರಾಂ. ಬಿಟ್ಟ ತಾಮ್ರವೆಲ್ಲ ಅಲ್ಲಿಯೇ ನಿಂತಿತೆಂದರೆ ಕಿಲೋಗ್ರಾಂ ಮಣ್ಣಿಗೆ ಸುಮಾರು 127 ಮಿಲಿಗ್ರಾಂ ಹೆಚ್ಚಾಗಿರಬೇಕು. ಮದ್ದು ಕಾಣದ ಸಾಮಾನ್ಯ ಮಣ್ಣಿನಲ್ಲಿ ಇರುವುದು ಹೆಚ್ಚಿನ ಕಡೆಗಳಲ್ಲಿ 50 ಮಿಲಿಗ್ರಾಮಿಗಿಂತ ಕಡಿಮೆ. ಆದರೆ ಅದೆಲ್ಲ ಅಲ್ಲಿಯೇ ನಿಂತಿದೆಯೆ? ನಮ್ಮ ಮುರಕಲ್ಲಿನ ಮಣ್ಣು ಆಮ್ಲೀಯವಾದುದು. ಆಮ್ಲದಲ್ಲಿ ತಾಮ್ರದ ಚಲನೆ ಹೆಚ್ಚು. ಮಳೆಯೋ ಧಾರಾಕಾರ. ಇನ್ನೊಂದು ಕಡೆ, ತೋಟಕ್ಕೆ ತಂದು ಹಾಸುವ ಸೊಪ್ಪು ಗೊಬ್ಬರಗಳಿಂದ ಹುಟ್ಟಿದ ಸಾವಯವ ವಸ್ತುವು ತಾಮ್ರವನ್ನು ಬಿಗಿಯಾಗಿ ಹಿಡಿದಿಡುತ್ತದೆ. ಇವೆರಡರಲ್ಲಿ ಯಾವುದು ಗೆದ್ದಿದೆಯೆಂಬುದನ್ನು ಪುಸ್ತಕ ನೋಡಿ ಹೇಳುವುದು ಸಾಧ್ಯವಿಲ್ಲ. ಅಳೆಯಬೇಕು, ಒಂದು ತೋಟದಲ್ಲಿ ಅಳೆದುದು ಮುಂದಿನ ತೋಟಕ್ಕೆ ಸಲ್ಲದಿರಬಹುದು.

ಅಳೆಯುವ ಉಪಾಯವೇನೂ ದುರ್ಲಭವಾದುದಲ್ಲ. ಒಂದು ಗ್ರಾಂ ಮಣ್ಣಿನಲ್ಲಿರುವ ತಾಮ್ರ ಒಂದು ಮಿಲಿಗ್ರಾಮಿನ ದಶಾಂಶದಷ್ಟಾದುದರಿಂದ ಬ್ಯೂರೆಟ್ಟಿನ ಅನುಮಾಪನ ಇಲ್ಲಿ ನಿಲ್ಲದು. ಮಣ್ಣಿನ ಕಬ್ಬಿಣವೂ ಅಯೊಡೈಡನ್ನು ಉತ್ಕರ್ಷಿಸಿ ಮೋಸಮಾಡುತ್ತದೆ. ಆದರೆ ಡೈಈಥೈಲ್ ಡೈಥಯೋಕಾರ್ಬಮೇಟ್ ಎಂಬ ಲವಣವು ತಾಮ್ರದೊಡನೆ ಹೊಂಬಣ್ಣದ ಸಂಯುಕ್ತವನ್ನು ಕೊಡುತ್ತದೆ. ಕಬ್ಬಿಣವನ್ನು ಸಿಟ್ರೇಟಿನಿಂದ ಕಟ್ಟಿಹಾಕಿ, ಬಣ್ಣವನ್ನು ಸಾವಯವ ದ್ರಾವಕಕ್ಕೆ ಎಳೆದು, ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿರುವ ವರ್ಣಮಾಪಕದಲ್ಲಿ ಓದಬಹುದು. ಆಸ್ಟ್ರೇಲಿಯದ ಅಲನ್ ವಾಲ್ಷ್ 1955ರಲ್ಲಿ ಪ್ರಕಟಿಸಿದ ಪರಮಾಣು ಹೀರಿಕೆಯ ವಿಧಾನವು ಇದಕ್ಕಿಂತ ಸುಲಭವೂ ಶೀಘ್ರವೂ ಆದುದು. ಆ ಯಂತ್ರ ಬೇಕಾದರೆ ದೊಡ್ಡ ಸಂಸ್ಥೆಯೊಂದರ ಬಾಗಿಲು ತಟ್ಟಬೇಕು. ತಟ್ಟುವ ಮೊದಲು ವರ್ಣಮಾಪಕದಲ್ಲಿ ನೂರು ಮಾದರಿಗಳನ್ನು ಮಾಡಿ ನೋಡಿದವನಿಗೆ ಬಾಗಿಲು ಬೇಗ ತೆರೆಯುತ್ತದೆಂಬುದು ನಮ್ಮ ಅನುಭವ.

ಇಂಥ ಕೆಲಸವು ನಿಜವಾದ ಸಂಶೋಧನೆಯಲ್ಲ, ಬರಿಯ ವಿಶ್ಲೇಷಣೆಯೆಂದು ಮೂಗು ಮುರಿಯುವವರಿದ್ದಾರೆ. ಅವರು ಸ್ಪೆನ್ಸರ್ ಪಿಕರಿಂಗನ ಜೀವನವನ್ನು ನೋಡಬೇಕು. ಈತನು 1880ರ ದಶಕದಲ್ಲಿ ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ದ್ರಾವಣಗಳ ಸ್ವರೂಪವನ್ನು ಕುರಿತು ಅರೀನಿಯಸ್ಸನ ಪಕ್ಷದವರೊಡನೆ ವಾದಿಸಿ ಸೋತವನು. 1894ರಲ್ಲಿ ವೋಬರ್ನ್ ಎಂಬಲ್ಲಿ ಹಣ್ಣಿನ ಗಿಡಗಳ ಪ್ರಯೋಗಕ್ಷೇತ್ರವನ್ನು ಸ್ಥಾಪಿಸುವುದರಲ್ಲಿ ಕೈಗೂಡಿಸಿ ಅಲ್ಲಿಯೇ ನೆಲಸಿದನು. ಬೋರ್ಡೋ ದ್ರಾವಣದ ಒತ್ತರದಲ್ಲಿ ತಾಮ್ರದ ಯಾವ ಯಾವ ಪ್ರತ್ಯಾಮ್ಲೀಯ ಸಲ್ಫೇಟುಗಳಿವೆಯೆಂಬುದನ್ನು ಶೋಧಿಸಿ 1907ರಲ್ಲಿ ಪ್ರಕಟಿಸಿದನು. ಅದೇ ವರ್ಷ ಅವನು ಹೊರತಂದ ಇನ್ನೊಂದು ಪ್ರಬಂಧವು, ಎಣ್ಣೆ ನೀರುಗಳ ಮಿಶ್ರಣವನ್ನು ಇಂಥ ಸೂಕ್ಷ್ಮ ಘನಕಣಗಳು ಒಡೆಯದಂತೆ ಹಿಡಿದಿಡುತ್ತವೆಂಬುದನ್ನು ವಿವರಿಸಿತು. ಇಂದು ಆಹಾರ, ಔಷಧ, ಸೌಂದರ್ಯಸಾಧನಗಳ ರಸಾಯನಶಾಸ್ತ್ರದಲ್ಲಿ ಪಿಕರಿಂಗನ ಹೆಸರಿನಿಂದಲೇ ಕರೆಯಲ್ಪಡುವ ಆ ಮಿಶ್ರಣಗಳ ಮೇಲೆ ಲೋಕದಾದ್ಯಂತ ಕೆಲಸ ನಡೆಯುತ್ತಿದೆ. ಪ್ರಾಧ್ಯಾಪಕಪೀಠದ ವಾದಗಳು ಮರೆತುಹೋದವು. ಹಣ್ಣಿನ ತೋಟದ ಮದ್ದು ಉಳಿಯಿತು.

ನಮ್ಮ ದೇಶದ ಆಚಾರ್ಯ ಪ್ರಫುಲ್ಲಚಂದ್ರ ರಾಯರೂ 1889ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದ ಮೇಲೆ ಮೊದಲು ಕೈಹಾಕಿದ ಕೆಲಸಗಳಲ್ಲಿ ಬಂಗಾಳದ ತುಪ್ಪ, ಸಾಸಿವೆ ಎಣ್ಣೆಗಳ ಪರೀಕ್ಷೆಯೊಂದು. ಪಾದರಸದ ನೈಟ್ರೈಟಿನ ಪ್ರಸಿದ್ಧ ಶೋಧ ಬಂದುದು ಅನಂತರ, 1896ರಲ್ಲಿ. ಕರ್ನಾಟಕದವರಾದ ಚಿಂತಾಮಣಿ ನಾಗೇಶ ರಾಮಚಂದ್ರ ರಾಯರ ದಾರಿ ಬೇರೆಯಾದರೂ ಅದರಿಂದ ಕಲಿಯಬೇಕಾದುದಿದೆ. 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪದವಿ, 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಡಾಕ್ಟರೇಟ್, 1959ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಧ್ಯಾಪಕತ್ವ, 1963ರಲ್ಲಿ ಕಾನ್ಪುರ, 1976ರಲ್ಲಿ ಮತ್ತೆ ಬೆಂಗಳೂರು. ಘನಸ್ಥಿತಿಯ ರಸಾಯನಶಾಸ್ತ್ರವು ಒಂದು ಶಾಖೆಯೆಂದು ಅನೇಕರು ಗಣಿಸದಿದ್ದ ಕಾಲದಲ್ಲಿ ಅವರು ಲೋಹಗಳ ಆಕ್ಸೈಡುಗಳನ್ನು ಹಿಡಿದರು, ದಶಕಗಳವರೆಗೆ ಬಿಡಲಿಲ್ಲ. 2014ರಲ್ಲಿ ಅವರಿಗೆ ಭಾರತರತ್ನ ಪ್ರದಾನವಾದಾಗ ನಮ್ಮ ಕಾಲೇಜುಗಳಲ್ಲಿ ಭಾಷಣಗಳಾದವು. ಭಾಷಣಗಳಲ್ಲಿ ಪ್ರಬಂಧಗಳ ಸಂಖ್ಯೆಯ ವಿಷಯವೇ ಹೆಚ್ಚಾಗಿತ್ತು. ವಾರಕ್ಕೆ ಹದಿನಾರು ಗಂಟೆ ಪಾಠವಿರುವ ಸಹಾಯಕ ಪ್ರಾಧ್ಯಾಪಕನಿಗೆ ಆ ಸಂಖ್ಯೆಯಿಂದ ಉತ್ಸಾಹ ಬರುವುದಕ್ಕಿಂತ ನಿರಾಶೆ ಬರುವುದೇ ಸಂಭವ. ಇತರರು ಹಿಡಿಯದ ಒಂದು ವಸ್ತುವನ್ನು ಹಿಡಿದು ಬಿಡದಿರುವುದು ಮಾತ್ರ ಅವನಿಗೂ ಸಾಧ್ಯವಾದ ಕೆಲಸ.

ಅಂಥ ವಸ್ತುಗಳು ಇಲ್ಲಿ ಬೇರೆಯೂ ಇವೆ. ಗೇರುಬೀಜದ ಸಿಪ್ಪೆಯ ಎಣ್ಣೆ ಕೈಯನ್ನು ಸುಡುತ್ತದೆಂದು ಬೀಜ ಒಡೆಯುವ ಹೆಂಗಸರೆಲ್ಲರೂ ಬಲ್ಲರು. ಅದರ ಅನಕಾರ್ಡಿಕ್ ಆಮ್ಲವು ಕಾಯಿಸಿದಾಗ ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡು ಕಾರ್ಡನಾಲ್ ಆಗುತ್ತದೆ, ವಾಹನಗಳ ಬ್ರೇಕಿನ ಪಟ್ಟಿಯಲ್ಲಿ ಸೇರುತ್ತದೆ. 1986ರಲ್ಲಿ ಪುತ್ತೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವು ಇಂದು ನಿರ್ದೇಶನಾಲಯವಾಗಿದೆ. ಅದೇ ಊರಿನಲ್ಲಿ ಕ್ಯಾಂಪ್ಕೊ ಸಂಸ್ಥೆಯ ಚಾಕೊಲೇಟು ಕಾರ್ಖಾನೆಯಿದೆ. ಸುಳ್ಯ ಕಡಬಗಳ ರಬ್ಬರು ತೋಟಗಳಲ್ಲಿ ಹಾಲಿಗೆ ಫಾರ್ಮಿಕ್ ಆಮ್ಲ ಹಾಕಿ ಗಟ್ಟಿಮಾಡುವುದು ಕಲಿಲಗಳ ಅಧ್ಯಾಯವನ್ನು ಕಣ್ಣಿಗೆ ಕಟ್ಟಿಕೊಡುತ್ತದೆ. ವಿಟ್ಲದಲ್ಲಿಯೂ ಕಡಬ ತಾಲ್ಲೂಕಿನ ಕಿದುವಿನಲ್ಲಿಯೂ ತೋಟದ ಬೆಳೆಗಳ ಸಂಶೋಧನೆ ನಡೆಯುತ್ತಿದೆ. ಸಂಪಾಜೆ, ಅರಂತೋಡುಗಳ ಕಡೆಯ ಅಡಿಕೆಯ ಹಳದಿ ಎಲೆ ರೋಗಕ್ಕೆ ಮಾತ್ರ ರಸಾಯನಶಾಸ್ತ್ರದಲ್ಲಿ ಉತ್ತರವಿಲ್ಲ. ಅದು ಜೀವಶಾಸ್ತ್ರದವರ ಹೊರೆ.

ಈಗ ಮೊದಲು ಸೂಚಿಸಿದ ತೊಡಕಿಗೆ ಬರಬೇಕು. ಅಡಿಕೆಯ ಆಲ್ಕಲಾಯ್ಡುಗಳಲ್ಲಿ ಮುಖ್ಯವಾದ ಅರೆಕೊಲೀನನ್ನು ಜರ್ಮನಿಯ ಯಾನ್ಸ್ 1888ರಲ್ಲಿ ಬೇರ್ಪಡಿಸಿದನು. ಇದೊಂದು ಎಸ್ಟರು. ಎಸ್ಟರನ್ನು ಕ್ಷಾರದೊಡನೆ ಕೂಡಿಸಿದರೆ ಏನಾಗುತ್ತದೆಂಬುದನ್ನು ಪದವಿ ತರಗತಿಯ ಹುಡುಗನು ಬಲ್ಲ. ತಾಂಬೂಲದ ಸುಣ್ಣವು ದವಡೆಯಲ್ಲಿಯೇ ಅರೆಕೊಲೀನನ್ನು ಒಡೆದು ಅರೆಕೈಡೀನ್ ಎಂಬ ಆಮ್ಲವನ್ನಾಗಿ ಮಾಡುತ್ತದೆ; ಸಾಬೂನು ಹುಟ್ಟುವ ಕ್ರಿಯೆಯೂ ಇದೂ ಒಂದೇ ಜಾತಿಯವು. ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ತರಗತಿಗೆ ದೊರೆಯದು. ಆದರೆ ಉದಾಹರಣೆ ಇಲ್ಲಿಗೇ ನಿಲ್ಲುವುದಿಲ್ಲ. ಅಡಿಕೆಯ ಆಲ್ಕಲಾಯ್ಡುಗಳಿಂದ ನೈಟ್ರೊಸಮೀನುಗಳೆಂಬ ಸಂಯುಕ್ತಗಳು ಹುಟ್ಟಬಲ್ಲವು. ಅವುಗಳಲ್ಲಿ ಕೆಲವು ಪ್ರಾಣಿಗಳಲ್ಲಿ ಅರ್ಬುದವನ್ನುಂಟುಮಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನಾ ಮಂಡಲಿಯು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯು ಮನುಷ್ಯರಲ್ಲಿ ಅರ್ಬುದಕಾರಕವೆಂದು ನಿರ್ಣಯಿಸಿತು. ಬಾಯಿಯ ಒಳಪೊರೆ ಬಿಗಿದುಕೊಂಡು ಬಾಯಿ ತೆರೆಯಲಾಗದಂತಾಗುವ ರೋಗವೂ ಅಡಿಕೆ ಜಗಿಯುವವರಿಗೆ ಬರುತ್ತದೆ. ಇದರಲ್ಲಿ ತಾಮ್ರದ ಪಾತ್ರವಿದೆಯೆಂದು 1990ರ ದಶಕದಿಂದ ಕೆಲವು ಸಂಶೋಧಕರು ವಾದಿಸಿದ್ದಾರೆ: ಅಡಿಕೆಯಲ್ಲಿ ಇತರ ಬೀಜಗಳಿಗಿಂತ ತಾಮ್ರ ಹೆಚ್ಚು, ದೇಹದ ಕೊಲಾಜನ್ ನಾರುಗಳನ್ನು ಒಂದಕ್ಕೊಂದು ಬೆಸೆಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ತಾಮ್ರ ಅವಶ್ಯ.

ಗೇಯೋನನ ಪ್ರಶ್ನೆ ಹೀಗೆ ಸುತ್ತಿಕೊಂಡು ನಮ್ಮ ಮುಂದೆಯೇ ಬಂದು ನಿಲ್ಲುತ್ತದೆ. ಗೊನೆಗೆ ಬಿಟ್ಟ ತಾಮ್ರದಲ್ಲಿ ಒಂದಂಶ ಸಿಪ್ಪೆಯನ್ನು ದಾಟಿ ಒಳಗಿನ ಅಡಿಕೆಯನ್ನು ಸೇರುತ್ತದೆಯೆ? ಬೇರಿನ ಮೂಲಕ ಮಣ್ಣಿನಿಂದ ಬರುತ್ತದೆಯೆ? ಅಥವಾ ಮದ್ದಿಗೂ ಅದಕ್ಕೂ ಸಂಬಂಧವಿಲ್ಲದೆ ಮರದ ಸಹಜ ಗುಣವೇ ಅದಾಗಿದೆಯೆ? ಮದ್ದು ಬಿಟ್ಟ ತೋಟದ ಚಾಲಿಯನ್ನೂ, ಮನೆಯ ಹಿತ್ತಲಲ್ಲಿ ಮದ್ದು ಕಾಣದೆ ನಿಂತ ಮರದ ಚಾಲಿಯನ್ನೂ ಸುಲಿದು, ಸಿಪ್ಪೆ ತಿರುಳುಗಳನ್ನು ಬೇರೆಬೇರೆಯಾಗಿ ಸುಟ್ಟು, ಬೂದಿಯ ತಾಮ್ರವನ್ನು ಅಳೆಯುವುದು ಒಂದು ತರಗತಿಯ ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ಕೆಲಸ. ಫಲಿತಾಂಶ ಏನು ಬಂದರೂ ಅದನ್ನು ಹೇಳುವುದು ಅಷ್ಟು ಸುಲಭವಲ್ಲ. ತಾಮ್ರ ಹೆಚ್ಚೆಂದು ಬಂದರೆ ಅಡಿಕೆಯ ಧಾರಣೆಗೆ ಕುಂದು ತರುವವನೆಂದು ಅಧ್ಯಾಪಕನನ್ನು ಊರು ದೂರೀತು. ಇಲ್ಲವೆಂದು ಬಂದರೆ ಅಡಿಕೆ ನಿರಪಾಯವೆಂದು ಸಾರುವುದಕ್ಕೆ ಅದೇ ಕಾಗದವನ್ನು ಉಪಯೋಗಿಸುವವರು ಹುಟ್ಟುತ್ತಾರೆ. ಎರಡೂ ತಪ್ಪು ಓದು. ತಾಮ್ರದ ಸಂಖ್ಯೆಯು ಅರೆಕೊಲೀನನ್ನು ಕುರಿತು ಏನನ್ನೂ ಹೇಳದು. ಈ ವಿವೇಚನೆಯನ್ನು ವಿದ್ಯಾರ್ಥಿಗೆ ಕಲಿಸುವುದು ಅನುಮಾಪನವನ್ನು ಕಲಿಸುವುದಕ್ಕಿಂತ ಕಷ್ಟ. ಇವನ ತಂದೆಯ ಆದಾಯದ ವಿಷಯವೆಂದು ನಾವೇ ತರಗತಿಯಲ್ಲಿ ದನಿ ತಗ್ಗಿಸಿ ಮಾತನಾಡಿದ ದಿನಗಳುಂಟು.

ದನಿ ತಗ್ಗಿಸಿದುದರ ಬೆಲೆಯೇನೆಂಬುದನ್ನು ನೆರೆಯ ಸೀಮೆ ನೋಡಿದೆ. ಕಾಸರಗೋಡಿನ ಗೇರು ತೋಪುಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ನೆಯ ಇಸವಿಯವರೆಗೆ, ವಿಮಾನದಿಂದ ಎಂಡೋಸಲ್ಫಾನ್ ಸುರಿಯಲಾಯಿತು. ನಮ್ಮ ಜಿಲ್ಲೆಯಲ್ಲಿ ನೆಲ್ಯಾಡಿಗೆ ಸಮೀಪದ ಕೊಕ್ಕಡದ ಕಡೆಯ ತೋಪುಗಳಿಗೂ ಅದು ಬಿತ್ತು. ಹುಟ್ಟಿನಿಂದಲೇ ಅಂಗವೈಕಲ್ಯ ಹೊಂದಿದ ಮಕ್ಕಳ ವಿಷಯವನ್ನು ಮೊದಲು ಎತ್ತಿದವರು ಸ್ಥಳೀಯ ವೈದ್ಯ ಮೋಹನಕುಮಾರರು, ಪತ್ರಕರ್ತ ಶ್ರೀ ಪಡ್ರೆಯವರು. ಪಡ್ರೆ ಗ್ರಾಮದ ನೀರು, ಮಣ್ಣು, ರಕ್ತಗಳ ಮಾದರಿಗಳು 2001ರಲ್ಲಿ ಪರೀಕ್ಷೆಯಾದುದು ದೂರದ ದೆಹಲಿಯಲ್ಲಿ. ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ದೇಶದಾದ್ಯಂತ ನಿಷೇಧಿಸಿದುದು 2011ರಲ್ಲಿ. ಎಂಡೋಸಲ್ಫಾನಿನಂಥ ಕ್ಲೋರಿನ್ ಸಂಯುಕ್ತವನ್ನು ಮಿಲಿಗ್ರಾಮಿನ ಸಾವಿರದ ಅಂಶದಲ್ಲಿ ಗುರುತಿಸಲು ಅನಿಲ ವರ್ಣಲೇಖನದ ಯಂತ್ರ ಬೇಕು, ತಾಲ್ಲೂಕು ಕಾಲೇಜಿನಲ್ಲಿ ಅದಿರಲಿಲ್ಲವೆಂಬುದು ನಿಜ. ಮಾದರಿಗಳನ್ನು ಕ್ರಮವಾಗಿ ತೆಗೆದು, ದಿನಾಂಕ ಬರೆದು, ಶೀತದಲ್ಲಿಟ್ಟು ಕಳುಹಿಸುವುದಕ್ಕೆ ಯಂತ್ರ ಬೇಕಾಗಿರಲಿಲ್ಲವೆಂಬುದೂ ಅಷ್ಟೇ ನಿಜ.

ಆದುದರಿಂದ ಮಾದರಿ ತೆಗೆಯುವ ಕ್ರಮವನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ತೋಟದ ಒಂದೇ ಕಡೆಯಿಂದ ಹಿಡಿ ಮಣ್ಣು ತಂದರೆ ಪ್ರಯೋಜನವಿಲ್ಲ. ಮರದ ಬುಡದಿಂದ ಎರಡಡಿ ದೂರದಲ್ಲಿ, ಹತ್ತು ಹದಿನೈದು ಮರಗಳ ಕೆಳಗೆ, ಮೇಲಿನ ಅರ್ಧ ಅಡಿಯದನ್ನೂ ಅದರ ಕೆಳಗಿನ ಅರ್ಧ ಅಡಿಯದನ್ನೂ ಪ್ರತ್ಯೇಕವಾಗಿ ತೆಗೆದು ಬೆರಸಬೇಕು. ಸಾಧನವು ಮರದ್ದೋ ಪ್ಲಾಸ್ಟಿಕ್ಕಿನದೋ ಆಗಿರಲಿ, ಹಿತ್ತಾಳೆಯದು ಕೂಡದು. ಮದ್ದು ಕಲಸುವ ಡ್ರಮ್ಮು ಇರುವ ಜಾಗವನ್ನು ಬಿಡಬೇಕು, ಅಲ್ಲಿ ಚೆಲ್ಲಿದುದೇ ಹೆಚ್ಚು. ಮದ್ದು ಬಿಡಲು ಆರಂಭಿಸಿದ ವರ್ಷ, ವರ್ಷಕ್ಕೆ ಎಷ್ಟು ಸಲ, ಪ್ರತಿ ಸಲ ಎಷ್ಟು ಮೈಲುತುತ್ತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಬೇಕು. ಅಂಗಡಿಯ ಹಳೆಯ ಚೀಟಿಗಳಿದ್ದರೆ ಇನ್ನೂ ಉತ್ತಮ. ಹೋಲಿಕೆಗೆ ಬೇಕಾದ ಮದ್ದು ಕಾಣದ ಮಣ್ಣಿಗಾಗಿ ಬಹಳ ದೂರ ಹೋಗಬೇಕಾಗಿಲ್ಲ. ವರ್ಗ ಜಮೀನಿಗೆ ತಾಗಿದ ಕುಮ್ಕಿ ಗುಡ್ಡದಿಂದಲೇ ತೋಟಕ್ಕೆ ಸೊಪ್ಪು ಬರುವುದು. ತೋಟದ ಗಾಳಿ ತಾಗದಷ್ಟು ಮೇಲೇರಿ, ಅದೇ ಮುರಕಲ್ಲಿನ ಮಣ್ಣನ್ನು ಅದೇ ಆಳದಿಂದ ತೆಗೆದು, ಬೇರೆ ಚೀಲದಲ್ಲಿ ಹಾಕಿ, ಚೀಲದ ಒಳಗೂ ಹೊರಗೂ ಹೆಸರು ಬರೆಯಬೇಕು.